ವಿಜಯನಗರದಿಂದ ಚೀನಾಕ್ಕೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಕಾರ್ಡ್ ರಸ್ತೆಗೂ ಮಾಗಡಿ ರಸ್ತೆಗೂ ಹೊಂದಿಕೊಂಡಂತೆ ಬೆಳೆದಿರುವ ಬಡಾವಣೆಗೆ ವಿಜಯನಗರವೆಂದು ನಾಮಕರಣ ಮಾಡಿದವರು ಯಾರೇ ಆಗಿರಲಿ, ಅವರಿಗೆ ಇತಿಹಾಸದಲ್ಲಿ ಅಭಿಮಾನವಿದ್ದಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಬಡಾವಣೆಯ ಮಗ್ಗುಲಲ್ಲೇ ಹಂಪಿನಗರವೂ ಇದೆ. ಹಳೆಯ ವಿಜಯನಗರದ ಬೀದಿಗಳಲ್ಲಿ ಮುತ್ತುರತ್ನಗಳನ್ನು ರಾಶಿ ಹಾಕಿ ಮಾರುತ್ತಿದ್ದರೆಂದು ಪ್ರತೀತಿ. ಹೊಸ ವಿಜಯನಗರದ ಬೀದಿಗಳಲ್ಲಿ ಚಳಿಗಾಲ ಬಂತೆಂದರೆ ಸೊಗಡು ತುಂಬಿದ ಅವರೆಕಾಯಿಯ ರಾಶಿ ಬೀಳುತ್ತದೆ. ಮಾರುತಿ ಮಂದಿರದ ಗಂಟೆ, ಹೂವಾಡಗಿತ್ತಿಯರ ಕೂಗು, ಬಸ್ಸುಗಳ ಗದ್ದಲ, ಇವೆಲ್ಲದರ ಮೇಲೆ ಎತ್ತರದ ಕಂಬಗಳ ಹಾದಿಯಲ್ಲಿ ಮೆಟ್ರೋ ರೈಲಿನ ಸದ್ದು. ಮುಂಜಾನೆಯಿಂದ ರಾತ್ರಿ ಹತ್ತರವರೆಗೆ ಇಲ್ಲಿ ನಿಶ್ಶಬ್ದವೆಂಬುದು ದುರ್ಲಭ.

ಈ ಬಡಾವಣೆಗೆ ಇನ್ನೊಂದು ಲಕ್ಷಣವೂ ಉಂಟು. ಗೋಡೆಗಳ ಮೇಲೆ, ಮಹಡಿಗಳ ಮೇಲೆ, ಮೆಟ್ಟಿಲಿನ ಸಂದುಗಳಲ್ಲಿ, ಎಲ್ಲಿ ನೋಡಿದರೂ ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗಳಿಗೆ ತರಬೇತಿ ನೀಡುವ ಸಂಸ್ಥೆಗಳ ಫಲಕಗಳು. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಬಡಾವಣೆಗಳ ಬಾಡಿಗೆ ಕೋಣೆಗಳಲ್ಲಿ ಕಲಬುರಗಿ, ರಾಯಚೂರು, ಚಿತ್ರದುರ್ಗ, ಹಾಸನ ಎಂಬ ಭೇದವಿಲ್ಲದೆ ರಾಜ್ಯದ ನಾನಾ ಮೂಲೆಗಳ ತರುಣತರುಣಿಯರು ನೆಲೆಸಿದ್ದಾರೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ತಲೆ ಬಗ್ಗಿಸಿ ಓದುತ್ತ ಕುಳಿತವರಲ್ಲಿ ಬಹುಮಂದಿ ಇಂಥ ಪರೀಕ್ಷಾರ್ಥಿಗಳೇ. ಹೀಗಾಗಿ “ಮೊದಲನೆಯ ಕೆಲಸ” ಎಂಬ ಮಾತು ಇಲ್ಲಿಯ ಗಾಳಿಯಲ್ಲಿಯೇ ಬೆರೆತಿದೆ. ಕಾಫಿ ಅಂಗಡಿಯ ಮುಂದೆ ಲೋಟ ಹಿಡಿದು ನಿಂತವರ ಮಾತು ಎಲ್ಲಿಂದ ಪ್ರಾರಂಭವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಇಂಥ ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ, ಮೊದಲ ಮಹಡಿಯ ಒಂದು ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ತಂದೆ ಸರ್ಕಾರಿ ಕಚೇರಿಯೊಂದರಿಂದ ನಿವೃತ್ತರಾದವರು. ತಾಯಿ ಗೃಹಿಣಿ. ಅಜ್ಜಿಯ ತವರು ಸೊಲ್ಲಾಪುರ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ, ಮನೆಯಲ್ಲಿ ಕುಳಿತು ಆರು ತಿಂಗಳಾದ ಮಗಳು. ಇಂಥ ಮನೆಗಳು ಆ ಬಡಾವಣೆಯಲ್ಲಿ ಒಂದೆರಡಲ್ಲ. ಒಂದು ಸಂಜೆ ಆ ಮಗಳ ಮೊಬೈಲಿಗೆ ಚೀನಾ ದೇಶದಿಂದ ಒಂದು ಓಲೆ ಬಂದಿತು.

ಓಲೆಯ ಒಕ್ಕಣೆ

ಹೆಬೆ ಪ್ರಾಂತದ ರಾಜಧಾನಿಯಾದ ಶಿಜಿಯಾಜುವಾಂಗ್ ನಗರದಲ್ಲಿರುವ ಒಂದು ಖಾಸಗಿ ಭಾಷಾಶಾಲೆಗೆ ಇಂಗ್ಲಿಷ್ ಉಪಾಧ್ಯಾಯಿನಿ ಬೇಕಾಗಿದ್ದಾಳೆ. ತಿಂಗಳಿಗೆ 12,000 ಯುವಾನ್ ವೇತನ. ವಾಸಕ್ಕೆ ಕೋಣೆ ಉಚಿತ. ವರ್ಷಾಂತ್ಯದಲ್ಲಿ ಒಂದು ಬಾರಿಯ ವಿಮಾನದ ಖರ್ಚು. ಓಲೆಯನ್ನು ತಲುಪಿಸಿದ ಮಧ್ಯವರ್ತಿಯು ತನ್ನ ಶ್ರಮಕ್ಕೆ 1,20,000 ರೂಪಾಯಿ ಕೇಳಿದ್ದನು. ಒಂದು ವಾರದೊಳಗೆ ಉತ್ತರ ಬರಬೇಕೆಂಬ ಸೂಚನೆಯೂ ಇತ್ತು.

ಯುವಾನೊಂದಕ್ಕೆ 12 ರೂಪಾಯಿಯಂತೆ ಲೆಕ್ಕ ಹಾಕಿದರೆ ತಿಂಗಳ ವೇತನ 1,44,000 ರೂಪಾಯಿ ಆಗುತ್ತದೆ. ತಂದೆಯವರು ಈ ಗುಣಾಕಾರವನ್ನು ಹಳೆಯ ದಿನಚರಿಯ ಹಿಂಬದಿಯಲ್ಲಿ ಎರಡು ಸಲ ಮಾಡಿ ನೋಡಿದರು. ಅದೇ ವಾರ ಮೂಡಲಪಾಳ್ಯದ ಕಡೆಯ ಒಂದು ಪ್ರೌಢಶಾಲೆಯವರು ಆಕೆಯನ್ನು ಸಂದರ್ಶನಕ್ಕೆ ಕರೆದು, 22,000 ರೂಪಾಯಿ ಕೊಡುವುದಾಗಿ ತಿಳಿಸಿದ್ದರು. ವಿದ್ಯಾಭ್ಯಾಸದ ಸಾಲಕ್ಕೆ ಬ್ಯಾಂಕಿಗೆ ಕಟ್ಟಬೇಕಾದ ಕಂತು ತಿಂಗಳಿಗೆ 9,000. ಮೂಡಲಪಾಳ್ಯದ ಸಂಬಳದಿಂದ ಕಂತು ಕಳೆದರೆ 13,000 ಉಳಿಯುತ್ತದೆ; ಚೀನಾದ ಸಂಬಳವಾದರೆ ಇಡೀ ಸಾಲವನ್ನು ಒಂದೇ ವರ್ಷದಲ್ಲಿ ತೀರಿಸಿಬಿಡಬಹುದು.

“ದುಡ್ಡು ದೊಡ್ಡದೇ. ಆದರೆ ನಿನ್ನನ್ನ ಅಷ್ಟು ದೂರ ಕಳಿಸಿ ನಾವು ಹೇಗಮ್ಮ ನಿದ್ದೆ ಮಾಡೋದು?” ಎಂದು ತಾಯಿ ಕೇಳಿದರು.

“ಅಮ್ಮಾ, ಎಷ್ಟೊಂದು ಜನ ಹುಡುಗರು ಡಾಕ್ಟರಿಕೆ ಓದೋಕೆ ಅಲ್ಲಿಗೆ ಹೋಗಿರಲಿಲ್ವೇ?” ಎಂದಳು ಮಗಳು.

ಆಕೆಯ ಮಾತಿನಲ್ಲಿ ಅತಿಶಯವೇನೂ ಇರಲಿಲ್ಲ. 2020ರ ಹೊತ್ತಿಗೆ 23,000ದಷ್ಟು ಭಾರತೀಯ ವಿದ್ಯಾರ್ಥಿಗಳು ಚೀನಾದಲ್ಲಿದ್ದರು. ಅವರಲ್ಲಿ ಹೆಚ್ಚಿನವರು ವೈದ್ಯವಿದ್ಯಾರ್ಥಿಗಳು. ಯಿವೂ ನಗರದ ಸಗಟು ಪೇಟೆಗಳಲ್ಲಿ ಭಾರತೀಯ ವರ್ತಕರು ಬಹುಕಾಲದಿಂದ ವ್ಯವಹರಿಸುತ್ತಿದ್ದಾರೆ. ಚೀನಾದ ಅನೇಕ ನಗರಗಳಲ್ಲಿ ಯೋಗ ಕಲಿಸುವವರು ಭಾರತದಿಂದ ಹೋದವರೇ. ಯುನ್ನಾನ್ ಪ್ರಾಂತದ ಕುನ್‌ಮಿಂಗಿನಲ್ಲಿ 2015ರಲ್ಲಿ ಉಭಯ ದೇಶಗಳ ಸಹಕಾರದಿಂದ ಒಂದು ಯೋಗ ಕಾಲೇಜೇ ಪ್ರಾರಂಭವಾಯಿತು.

ವಿಜಯನಗರವೆಂಬ ಹೆಸರಿಗಂತೂ ಚೀನಾ ಅಪರಿಚಿತವಲ್ಲ. ಸಂಗಮ ವಂಶದ ಮೊದಲನೆಯ ಬುಕ್ಕರಾಯನು 1374ರಲ್ಲಿ ಮಿಂಗ್ ಚಕ್ರವರ್ತಿಯ ಆಸ್ಥಾನಕ್ಕೆ ರಾಯಭಾರವನ್ನು ಕಳುಹಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಹಂಪೆಯ ಅವಶೇಷಗಳ ನಡುವೆ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಅದಕ್ಕೂ ಏಳು ಶತಮಾನ ಹಿಂದೆ, ಇಮ್ಮಡಿ ಪುಲಕೇಶಿಯ ಕಾಲದಲ್ಲಿ, ಯಾತ್ರಿಕ ಹ್ಯೂಯೆನ್‌ತ್ಸಾಂಗನು ಚಾಲುಕ್ಯರ ನಾಡನ್ನು ಕಂಡು ವರ್ಣಿಸಿದ್ದನು. ಅಂದು ಅವನು ಪರಭಾಷೆಯನ್ನು ಕಲಿಯಲು ಬಂದವನು. ಇಂದು ಈ ತರುಣಿಗೆ ಬಂದಿರುವುದು ಪರಭಾಷೆಯನ್ನು ಕಲಿಸುವ ಕರೆ. ಅದೂ ಆಕೆಗೂ ತಾಯ್ನುಡಿಯಲ್ಲದ, ಅಲ್ಲಿಯ ಮಕ್ಕಳಿಗೂ ತಾಯ್ನುಡಿಯಲ್ಲದ ಭಾಷೆ!

ಸೊಲ್ಲಾಪುರದ ವೈದ್ಯರು

ಶಿಜಿಯಾಜುವಾಂಗ್ ಎಂಬ ಹೆಸರನ್ನು ಮನೆಯಲ್ಲಿ ಯಾರೂ ಸರಿಯಾಗಿ ಉಚ್ಚರಿಸಲಾರದೆ ಹೋದರು. ಅದು ಬೀಜಿಂಗಿನ ನೈಋತ್ಯಕ್ಕೆ ಮುನ್ನೂರು ಕಿಲೋಮೀಟರಿನೊಳಗಿರುವ ಊರು. ವೇಗದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಪ್ರಯಾಣ. ಚಳಿಗಾಲದಲ್ಲಿ ಉಷ್ಣಮಾನ ಸೊನ್ನೆಗಿಂತ ಕೆಳಕ್ಕೆ ಇಳಿಯುತ್ತದೆ ಎಂದು ಮಗಳು ಓದಿ ಹೇಳಿದಳು. ಆ ಊರಿನ ಹುತಾತ್ಮರ ಸ್ಮಶಾನದಲ್ಲಿ ಭಾರತೀಯ ವೈದ್ಯರೊಬ್ಬರ ಸಮಾಧಿಯಿದೆ ಎಂಬ ಸಾಲು ಬಂದಾಗ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತಿದರು.

“ನಮ್ಮೂರ ಡಾಕ್ಟರ್ ಕೋಟ್ನೀಸರು ಅವರು. ಚೀನಾಕ್ಕ ಹೋದವರು ತಿರುಗಿ ಬರಲಿಲ್ಲವಾ,” ಎಂದರು.

ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಮರಾಠಿ, ತೆಲುಗುಗಳೊಡನೆ ಕನ್ನಡವೂ ಬೀದಿಯಲ್ಲಿ ಕೇಳಿಬರುವ ಊರು. ದ್ವಾರಕಾನಾಥ ಕೋಟ್ನಿಸರು ಅಲ್ಲಿ 1910ರಲ್ಲಿ ಜನಿಸಿದರು. ಮುಂಬಯಿಯಲ್ಲಿ ವೈದ್ಯಶಿಕ್ಷಣ ಪಡೆದು ಉನ್ನತ ವ್ಯಾಸಂಗದ ಯೋಚನೆಯಲ್ಲಿದ್ದಾಗ, ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾಕ್ಕೆ ಭಾರತದ ಕಾಂಗ್ರೆಸ್ಸು ವೈದ್ಯರ ತಂಡವೊಂದನ್ನು ಕಳುಹಿಸುವ ನಿರ್ಧಾರ ಕೈಗೊಂಡಿತು. 1938ರಲ್ಲಿ ಹೊರಟ ಆ ಐವರಲ್ಲಿ ಕೋಟ್ನಿಸರೂ ಒಬ್ಬರು. ಅವರು ಚೀನೀ ಭಾಷೆಯನ್ನು ಕಲಿತರು. ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. 1941ರಲ್ಲಿ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ವಿವಾಹವಾದರು. 1942ರ ಡಿಸೆಂಬರ್ 9ರಂದು, ಮೂವತ್ತೆರಡರ ವಯಸ್ಸಿನಲ್ಲಿ, ಹೆಬೆಯ ಹಳ್ಳಿಯೊಂದರಲ್ಲಿ ತೀರಿಕೊಂಡರು. ವಿ. ಶಾಂತಾರಾಮರು 1946ರಲ್ಲಿ ಅವರ ಕಥೆಯನ್ನು ಚಿತ್ರಪಟವಾಗಿಸಿದರು.

ತಾಯಿಯ ಮುಖ ಕಳೆಗುಂದಿತು. “ಹಾಗಾದ್ರೆ ಬೇಡವೇ ಬೇಡ,” ಎಂದರು.

“ಬ್ಯಾಡ ಅಂತ ನಾ ಅನ್ನೂದಿಲ್ಲ. ಅವರು ಹ್ಯಾಂಗ ಹೋದರು ಅನ್ನೂದನ್ನ ನೋಡ್ರಿ. ಕರೆದವರು ಯಾರು, ಕಳಿಸಿದವರು ಯಾರು ಅಂತ ಇಡೀ ದೇಶಕ್ಕ ಗೊತ್ತಿತ್ತು. ಇವಳನ್ನ ಕರೆದವರು ಯಾರು? ಮೊದಲು ಅದನ್ನ ತಿಳಕೋರಿ,” ಎಂದು ಅಜ್ಜಿ ಮತ್ತೆ ಬತ್ತಿ ಹೊಸೆಯತೊಡಗಿದರು.

ಆ ಮಾತು ತಂದೆಯವರಿಗೆ ಹಿಡಿಸಿತು. “ನಿಮ್ಮ ಹಳೇ ಮೇಡಂ ಇದ್ದಾರಲ್ಲ, ಅವರನ್ನ ಒಂದು ಸಲ ಕೇಳಿ ಬಾಮ್ಮ. ಆಮೇಲೆ ನೋಡೋಣ,” ಎಂದರು.

ಜ್ಞಾನಭಾರತಿಯ ಹಾದಿ

ವಿಜಯನಗರದಿಂದ ಜ್ಞಾನಭಾರತಿಗೆ ಈಗ ಮೆಟ್ರೋ ರೈಲಿನಲ್ಲಿ ಹೋಗಬಹುದು. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಹಾದಿ 2015ರ ನವೆಂಬರಿನಲ್ಲಿ ತೆರೆಯಿತು. 2021ರ ಆಗಸ್ಟಿನಲ್ಲಿ ಅದು ಕೆಂಗೇರಿಯವರೆಗೆ ಬೆಳೆಯಿತು. 2023ರಲ್ಲಿ ಚಲ್ಲಘಟ್ಟವನ್ನು ಮುಟ್ಟಿತು. ಅತ್ತಿಗುಪ್ಪೆ, ದೀಪಾಂಜಲಿನಗರಗಳನ್ನು ದಾಟುವಾಗ ಕಿಟಕಿಯ ಕೆಳಗೆ ಮನೆಗಳ ತಾರಸಿಗಳು ಸಾಲಾಗಿ ಸರಿಯುತ್ತವೆ. ನೀರಿನ ತೊಟ್ಟಿ, ಒಣಗಿದ ಬಟ್ಟೆ, ಸಂಡಿಗೆ ಹರಡಿದ ಚಾಪೆ, ತುಳಸಿಯ ಕುಂಡ. ಬೀದಿಯಲ್ಲಿ ನಡೆಯುವವರಿಗೆ ಕಾಣದ ಬೆಂಗಳೂರು ಅದು. ಮೈಸೂರು ರಸ್ತೆಯ ಬಳಿ ವೃಷಭಾವತಿ ಹರಿಯುತ್ತದೆ. ಒಂದು ಕಾಲದಲ್ಲಿ ಸ್ನಾನಕ್ಕೆ ಯೋಗ್ಯವಾಗಿದ್ದ ಆ ಹೊಳೆ ಇಂದು ನಗರದ ಕೊಳೆಯನ್ನು ಹೊರುವ ಕಾಲುವೆಯಾಗಿ, ರೈಲಿನಲ್ಲಿ ಕುಳಿತವರೂ ಮುಖ ತಿರುಗಿಸುವಂತಾಗಿದೆ. ನಾಯಂಡಹಳ್ಳಿ, ರಾಜರಾಜೇಶ್ವರಿ ನಗರಗಳು ಕಳೆದರೆ ಜ್ಞಾನಭಾರತಿ.

1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ವಿಶಾಲವಾದ ಆವರಣವಿದು. ಗಿಡಮರಗಳ ನಡುವೆ ದೂರದೂರಕ್ಕೆ ಕಟ್ಟಡಗಳು. ಇದೇ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. ದಕ್ಷಿಣದ ರಾಜ್ಯಗಳ ಶಾಲಾ ಉಪಾಧ್ಯಾಯರಿಗೆ ಇಂಗ್ಲಿಷ್ ಬೋಧನೆಯಲ್ಲಿ ತರಬೇತಿ ನೀಡಲೆಂದು 1963ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಮನೆಯಲ್ಲಿ ಕನ್ನಡ, ತಮಿಳು, ತೆಲುಗು, ಮಲೆಯಾಳಗಳನ್ನಾಡುವ ಉಪಾಧ್ಯಾಯರು, ಅದೇ ಭಾಷೆಗಳನ್ನಾಡುವ ಮಕ್ಕಳಿಗೆ ಇಂಗ್ಲಿಷನ್ನು ಹೇಗೆ ಕಲಿಸಬೇಕೆಂಬುದೇ ಅಲ್ಲಿಯ ಅಧ್ಯಯನದ ವಸ್ತು. ಆರು ದಶಕಗಳಿಂದ ಆ ಕಾರ್ಯ ನಡೆದುಬಂದಿದೆ.

ಕನ್ನಡ ನಾಡಿಗೆ ಇದು ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿಸಿದರು. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದು, ಅನಂತರ 1966ರಲ್ಲಿ ಇದೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಹೊರನಾಡುಗಳಿಗೂ ಭಾರತೀಯ ಉಪಾಧ್ಯಾಯರು ಹೋಗಿದ್ದುಂಟು. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಇಥಿಯೋಪಿಯದ ಶಾಲೆಗಳಲ್ಲಿ ಭಾರತೀಯ ಉಪಾಧ್ಯಾಯರು ಬಹುಸಂಖ್ಯೆಯಲ್ಲಿದ್ದರು. ಭೂತಾನದ ಶಾಲೆಗಳನ್ನು ಕಟ್ಟುವುದರಲ್ಲಿಯೂ ಅವರ ಪಾಲಿದೆ.

ನಿವೃತ್ತರಾದ ಅಧ್ಯಾಪಕಿಯವರು ಆವರಣದ ಸಮೀಪದ ಮನೆಯೊಂದರಲ್ಲಿದ್ದರು. ಓಲೆಯನ್ನು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

“ಯಾವ ವೀಸಾ ಅಂತ ಇದರಲ್ಲಿ ಬರೆದೇ ಇಲ್ಲವಲ್ಲಮ್ಮ?”

“ಕೇಳಿದೆ ಮೇಡಂ. ಮೊದಲು ವ್ಯಾಪಾರದ ವೀಸಾದಲ್ಲಿ ಬನ್ನಿ, ಆಮೇಲೆ ಇಲ್ಲೇ ಬದಲಾಯಿಸಿಕೊಡ್ತೀವಿ ಅಂದರು.”

ಅಧ್ಯಾಪಕಿಯವರು ಓಲೆಯನ್ನು ಮೇಜಿನ ಮೇಲಿಟ್ಟರು.

ನಿಯಮದ ಗೋಡೆ

ಚೀನಾದಲ್ಲಿ ಇಂಗ್ಲಿಷಿಗೆ ಇರುವ ಬೇಡಿಕೆ ಸಾಮಾನ್ಯವಾದುದಲ್ಲ. ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕೆಂಬ ಏರ್ಪಾಡು 2001ರಲ್ಲಿ ಜಾರಿಗೆ ಬಂದಿತು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅದೊಂದು ಮುಖ್ಯ ವಿಷಯ. ಮಕ್ಕಳ ಭವಿಷ್ಯಕ್ಕಾಗಿ ಹಣ ಸುರಿಯಲು ಸಿದ್ಧರಿದ್ದ ತಂದೆತಾಯಿಗಳಿಂದಾಗಿ ಖಾಸಗಿ ಭಾಷಾಶಾಲೆಗಳು ಅಣಬೆಗಳಂತೆ ಎದ್ದವು. ಆದರೆ 2021ರ ಜುಲೈ ತಿಂಗಳಲ್ಲಿ ಸರ್ಕಾರವು ಮಕ್ಕಳ ಹೊರೆಯನ್ನು ಇಳಿಸುವ ನೆಪದಲ್ಲಿ ಶಾಲೆಯ ವಿಷಯಗಳಲ್ಲಿ ಲಾಭಕ್ಕಾಗಿ ನಡೆಸುವ ಮನೆಪಾಠದ ವ್ಯಾಪಾರವನ್ನು ಕಡಿವಾಣ ಹಾಕಿ ನಿಲ್ಲಿಸಿತು. ವಾರಾಂತ್ಯದ, ರಜೆಯ ದಿನಗಳ ಪಾಠಗಳೂ ನಿಷಿದ್ಧವಾದವು. ದೊಡ್ಡ ಸಂಸ್ಥೆಗಳೇ ತತ್ತರಿಸಿದವು. ಉಳಿದುಕೊಂಡ ಶಾಲೆಗಳಲ್ಲಿ ಯಾವುದು ಭದ್ರ, ಯಾವುದು ನಾಳೆ ಬಾಗಿಲು ಹಾಕೀತು ಎಂದು ಸಾವಿರಾರು ಮೈಲಿಗಳಾಚೆ ಕುಳಿತವರು ಬಲ್ಲುದು ಕಷ್ಟ.

ಅದಕ್ಕಿಂತಲೂ ದೊಡ್ಡ ತೊಡಕು ಕೆಲಸದ ಪರವಾನಗಿಯದು. 2017ರ ಏಪ್ರಿಲಿನಿಂದ ಚೀನಾ ಸರ್ಕಾರವು ವಿದೇಶೀಯ ಕೆಲಸಗಾರರನ್ನು ಮೂರು ವರ್ಗಗಳಾಗಿ ವಿಂಗಡಿಸಿ ಪರವಾನಗಿ ನೀಡುತ್ತಿದೆ. ಭಾಷೆ ಕಲಿಸುವವರಿಗೆ ಅದರಲ್ಲಿ ವಿಶೇಷ ನಿಯಮವಿದೆ: ಅವರು ತಮ್ಮ ತಾಯ್ನುಡಿಯನ್ನೇ ಕಲಿಸಬೇಕು, ಆ ನುಡಿ ತಾಯ್ನುಡಿಯಾಗಿರುವ ದೇಶದಲ್ಲಿ ಪದವಿ ಪಡೆದಿರಬೇಕು, ಎರಡು ವರ್ಷಗಳ ಅನುಭವ ಇರಬೇಕು. ಶಿಕ್ಷಣಶಾಸ್ತ್ರದ ಅಥವಾ ಭಾಷಾವಿಷಯದ ಪದವಿಯುಳ್ಳವರಿಗೆ ಅನುಭವದ ಷರತ್ತಿನಿಂದ ವಿನಾಯಿತಿ ಉಂಟು. ಎಂದರೆ, ಹೊಸಬಳೆಂಬ ಕೊರತೆಯನ್ನು ಆಕೆಯ ಬಿ.ಎಡ್. ಪದವಿ ತುಂಬಿಕೊಟ್ಟೀತು, ವಿಜಯನಗರದಲ್ಲಿ ಹುಟ್ಟಿ ಬೆಳೆದಳೆಂಬುದನ್ನು ಯಾವ ಪದವಿಯೂ ತುಂಬಿಕೊಡದು. ಇಂಗ್ಲಿಷ್ ತಾಯ್ನುಡಿಯ ದೇಶಗಳೆಂದು ಅಲ್ಲಿ ಸಾಮಾನ್ಯವಾಗಿ ಎಣಿಸುವುದು ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಗಳನ್ನು. ಭಾರತ ಆ ಪಟ್ಟಿಯಲ್ಲಿಲ್ಲ. ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಬೋಧಿಸುವವರು ಭಾಷಾ ಬೋಧಕರಲ್ಲವಾದುದರಿಂದ ಅವರಿಗೆ ತಾಯ್ನುಡಿಯ ಷರತ್ತಿಲ್ಲ. ಪ್ರಾಂತಗಳ ಅಧಿಕಾರಿಗಳು ನಿಯಮವನ್ನು ಒಂದೊಂದು ಕಡೆ ಒಂದೊಂದು ರೀತಿ ಅನ್ವಯಿಸುವುದೂ ಉಂಟು. ಆದರೆ ಕ್ರಮ ಒಂದೇ: ಶಾಲೆಯವರು ಪರವಾನಗಿಯ ಸೂಚನಾಪತ್ರವನ್ನು ಮೊದಲು ಪಡೆಯಬೇಕು; ಅದನ್ನು ತೋರಿಸಿ ಝಡ್ ವರ್ಗದ ವೀಸಾ ಪಡೆಯಬೇಕು; ಅಲ್ಲಿಗೆ ತಲುಪಿದ ಮೂವತ್ತು ದಿನಗಳೊಳಗೆ ವಾಸದ ಅನುಮತಿಗೆ ಅರ್ಜಿ ಹಾಕಬೇಕು.

“ಹಾಗಾದರೆ ಮೇಡಂ, ವ್ಯಾಪಾರದ ವೀಸಾದಲ್ಲಿ ಹೋದವರು ಪಾಠ ಮಾಡಿದರೆ?”

“ಅದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ದಂಡ ತೆರಬೇಕಾದವಳು ನೀನು.”

2013ರ ಜುಲೈ 1ರಿಂದ ಜಾರಿಯಲ್ಲಿರುವ ಚೀನಾದ ಪ್ರವೇಶ ನಿರ್ಗಮನ ಕಾನೂನಿನಂತೆ, ಅನುಮತಿಯಿಲ್ಲದೆ ಕೆಲಸ ಮಾಡುವ ವಿದೇಶೀಯರಿಗೆ 5,000ದಿಂದ 20,000 ಯುವಾನ್‌ವರೆಗೆ ದಂಡ. ಅಪರಾಧ ಗುರುತರವಾದರೆ ಅದರ ಜೊತೆಗೆ ಐದರಿಂದ ಹದಿನೈದು ದಿನಗಳ ಬಂಧನ. ಗರಿಷ್ಠ ದಂಡವು ಓಲೆಯಲ್ಲಿ ಹೇಳಿದ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಅನುಮತಿಯಿಲ್ಲದ ಉಪಾಧ್ಯಾಯಿನಿಯ ಸಂಬಳವನ್ನು ಶಾಲೆಯವರು ತಡೆಹಿಡಿದರೆ ಆಕೆ ದೂರು ಕೊಡುವುದಾದರೂ ಯಾರಿಗೆ? ದೂರು ಕೊಟ್ಟೊಡನೆ ತನ್ನ ಅಪರಾಧವನ್ನು ತಾನೇ ಒಪ್ಪಿಕೊಂಡಂತಾಯಿತು.

ಮಧ್ಯವರ್ತಿಯ ವಿಷಯದಲ್ಲಿ ಸ್ವದೇಶದ ಕಾನೂನೂ ಸ್ಪಷ್ಟವಾಗಿದೆ. 1983ರ ವಲಸೆ ಅಧಿನಿಯಮದಂತೆ ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವವನು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವನು ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಶೇಕಡ 18ರ ಲೆಕ್ಕದಲ್ಲಿ ಒಟ್ಟು 35,400. ಇವನು ಕೇಳಿದ್ದು ಅದರ ಮೂರು ಪಾಲಿಗಿಂತ ಅಧಿಕ. ಹೊರದೇಶದ ಕೆಲಸದ ಆಸೆಗೆ ಬಿದ್ದು ಥಾಯ್ಲೆಂಡಿಗೆಂದು ಹೊರಟ ತರುಣರು ಮ್ಯಾನ್ಮಾರಿನ ವಂಚಕರ ಕೈಗೆ ಸಿಕ್ಕ ಪ್ರಸಂಗಗಳ ಮೇಲೆ ವಿದೇಶಾಂಗ ಸಚಿವಾಲಯವು 2022ರಲ್ಲಿಯೇ ಎಚ್ಚರಿಕೆ ನೀಡಿತ್ತು. ಎಲ್ಲ ಕರೆಗಳೂ ಅಂಥವಲ್ಲ; ಆದರೆ ವಂಚನೆಯ ಕರೆಯೂ ಪ್ರಾಮಾಣಿಕ ಕರೆಯೂ ಮೊದಲ ದಿನ ಒಂದೇ ಬಗೆಯ ಓಲೆಯಲ್ಲಿ ಬರುತ್ತವೆ.

ತರುಣಿ ಬಹಳ ಹೊತ್ತು ಮಾತನಾಡಲಿಲ್ಲ. ಆಕೆಗೆ ನೋವಾದದ್ದು ಹಣದ ವಿಷಯಕ್ಕಲ್ಲ. “ನಾನು ಎಷ್ಟು ಚೆನ್ನಾಗಿ ಕಲಿತರೂ ನನ್ನ ಇಂಗ್ಲಿಷು ಇಂಗ್ಲಿಷಲ್ಲ ಅಂತಾಯ್ತಲ್ಲ ಮೇಡಂ,” ಎಂದಳು.

“ಯಾರು ಹೇಳಿದರು ಹಾಗಂತ? ಅವರು ನೋಡೋದು ಪಾಸ್‌ಪೋರ್ಟು. ನಿನ್ನ ಪಾಠವನ್ನ ಅವರು ಒಂದು ದಿನವೂ ಕೇಳಿಲ್ಲ,” ಎಂದು ಅಧ್ಯಾಪಕಿಯವರು ಕಾಫಿಯ ಲೋಟವನ್ನು ಆಕೆಯ ಮುಂದೆ ಸರಿಸಿದರು. “ಒಂದು ಮಾತು ನೆನಪಿಟ್ಟುಕೋ. ಬೇರೆ ಭಾಷೆಯನ್ನ ಕಷ್ಟಪಟ್ಟು ಕಲಿತವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನೋದು ಗೊತ್ತಿರುತ್ತೆ. ನೀನೂ ಅಲ್ಲೇ ಎಡವಿದವಳು ತಾನೇ? ಅದು ನಿನ್ನ ಬಂಡವಾಳ. ಹೋಗಲೇಬೇಕು ಅನ್ನಿಸಿದರೆ ಹೋಗು. ಆದರೆ ಮುಂಬಾಗಿಲಿಂದ ಹೋಗು.”

ಮೂರು ಪ್ರಶ್ನೆಗಳು

ಅಂದು ರಾತ್ರಿ ತಂದೆ, ಮಗಳು ಇಬ್ಬರೂ ಕುಳಿತು ಚೀನಾದ ಶಾಲೆಗೂ ಮಧ್ಯವರ್ತಿಗೂ ಉತ್ತರ ಬರೆದರು. ಅದರಲ್ಲಿ ಮೂರೇ ಪ್ರಶ್ನೆಗಳಿದ್ದವು. ಕೆಲಸದ ಪರವಾನಗಿಯ ಸೂಚನಾಪತ್ರ ತಾನು ಊರು ಬಿಡುವ ಮೊದಲೇ ಕೈಸೇರುವುದೇ, ಅದರಲ್ಲಿ ತನ್ನ ಹುದ್ದೆ ಏನೆಂದು ಬರೆದಿರುತ್ತದೆ? ಸಂಬಳ ಕೊಡುವ ಸಂಸ್ಥೆಯೂ ಪರವಾನಗಿ ಪಡೆಯುವ ಸಂಸ್ಥೆಯೂ ಒಂದೇ ಏನು? ಮಧ್ಯವರ್ತಿಯ ನೋಂದಣಿಯ ಸಂಖ್ಯೆ ಯಾವುದು, ಹಣಕ್ಕೆ ರಸೀತಿ ಉಂಟೆ?

ಉತ್ತರಕ್ಕಾಗಿ ಕಾದ ಆ ಕೆಲವು ದಿನಗಳು ಮನೆಯಲ್ಲಿ ಸುಲಭವಾಗಿ ಕಳೆಯಲಿಲ್ಲ. 1,44,000 ಎಂಬ ಸಂಖ್ಯೆ ಒಮ್ಮೆ ಕಿವಿಗೆ ಬಿದ್ದ ಮೇಲೆ 22,000 ಬಹು ಚಿಕ್ಕದಾಗಿ ಕಾಣುತ್ತದೆ. ತಂದೆಯವರ ನಿವೃತ್ತಿ ವೇತನದಲ್ಲಿ ಅಜ್ಜಿಯ ಔಷಧ, ಮನೆಯ ಬಾಡಿಗೆ ಎಲ್ಲವೂ ನಡೆಯಬೇಕು. ಮಗಳು ಸಂಜೆ ಹೊತ್ತು ಹಂಪಿನಗರದ ಗ್ರಂಥಾಲಯಕ್ಕೆ ಹೋಗಿ ಕುಳಿತಳು. ಪಕ್ಕದ ಮೇಜಿನಲ್ಲಿ ಮೂರನೆಯ ಬಾರಿ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ಪೆನ್ಸಿಲು ಹಿಡಿದಂತೆಯೇ ನಿದ್ದೆಹೋಗಿದ್ದನು. ವಿಜಯನಗರದಲ್ಲಿ ಕಾಯುತ್ತಿರುವವಳು ತಾನೊಬ್ಬಳೇ ಅಲ್ಲವೆಂದು ಆಕೆಗೆ ತೋರಿತು.

ನಾಲ್ಕನೆಯ ದಿನ ಉತ್ತರ ಬಂದಿತು. ಪ್ರಶ್ನೆಗಳಲ್ಲಿ ಒಂದಕ್ಕೂ ಸಮಾಧಾನವಿರಲಿಲ್ಲ. “ಎಲ್ಲರೂ ಹೀಗೆಯೇ ಬರುತ್ತಾರೆ, ಏನೂ ಆಗುವುದಿಲ್ಲ, ನಾಳೆಯೊಳಗೆ ಹಣ ಕಟ್ಟದಿದ್ದರೆ ಸ್ಥಾನ ಮತ್ತೊಬ್ಬರಿಗೆ ಹೋಗುತ್ತದೆ” ಎಂದಿತ್ತು. ಪಾಸ್‌ಪೋರ್ಟನ್ನು ಶಾಲೆಯ ವಶದಲ್ಲಿ ಇಡಬೇಕಾಗುವುದೆಂಬ ಸಾಲೊಂದು ಕೊನೆಯಲ್ಲಿ ಹೊಸದಾಗಿ ಸೇರಿತ್ತು. ತಂದೆಯವರು ಮೂವತ್ತು ವರ್ಷ ಕಡತಗಳನ್ನು ಓದಿದವರು. ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತೆಂದು ಆ ಪುಸ್ತಕದಲ್ಲಿಯೇ ಅಚ್ಚಾಗಿರುವುದನ್ನು ಅವರು ಬಲ್ಲರು. ಅವರು ಮಗಳ ಮುಖ ನೋಡಿದರು. ಆದರೆ ಬೇಡವೆಂಬ ಮಾತನ್ನು ತಾವಾಗಿ ಆಡಲಿಲ್ಲ.

“ಬೇಡಪ್ಪಾ,” ಎಂದು ಮಗಳೇ ಹೇಳಿದಳು. “ಹೀಗೆ ಹೋಗೋದು ಬೇಡ.”

ತಾಯಿ ಒಳಗೆ ಹೋಗಿ ಅಂದು ಕೂಡಿಟ್ಟಿದ್ದ ಹಿತಕಿದ ಅವರೆಬೇಳೆಯ ಸಾರನ್ನು ಬಿಸಿಮಾಡಲು ಇಟ್ಟರು. ಅಜ್ಜಿ ಏನನ್ನೂ ಹೇಳಲಿಲ್ಲ.

2020ರಿಂದ ನಿಂತುಹೋಗಿದ್ದ ಭಾರತ ಚೀನಾಗಳ ನಡುವಿನ ನೇರ ವಿಮಾನ ಸಂಚಾರ 2025ರ ಅಕ್ಟೋಬರಿನಲ್ಲಿ, ಕೋಲ್ಕತ್ತದಿಂದ ಗ್ವಾಂಗ್‌ಜೌವಿಗೆ ಹೊರಟ ವಿಮಾನದೊಡನೆ ಪುನಃ ಪ್ರಾರಂಭವಾಗಿದೆ. ದಾರಿಗಳು ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ನಿಯಮಗಳೂ ಬದಲಾಗುತ್ತವೆ. ಈ ವಯಸ್ಸಿನವಳಿಗೆ ಕಾಯುವ ಕಾಲಾವಕಾಶ ಧಾರಾಳವಾಗಿದೆ.

ಆಕೆ ಮೂಡಲಪಾಳ್ಯದ ಪ್ರೌಢಶಾಲೆಗೆ ಸೇರಿದಳು. ತರಗತಿಯಲ್ಲಿ ಐವತ್ತೆರಡು ಮಕ್ಕಳು. ಅವರ ತಂದೆತಾಯಿಗಳು ಆಟೋ ಓಡಿಸುವವರು, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವವರು, ಉತ್ತರದ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮೊದಲ ವಾರ, ರಾಯಚೂರಿನ ಕಡೆಯ ಹುಡುಗಿಯೊಬ್ಬಳು “ಸ್ಕೂಲು” ಎಂಬುದನ್ನು “ಇಸ್ಕೂಲು” ಎಂದಾಗ ಉಳಿದವರು ನಕ್ಕರು. ಉಪಾಧ್ಯಾಯಿನಿ ನಗಲಿಲ್ಲ. ತಾನೂ ಐದನೆಯ ತರಗತಿಯವರೆಗೆ ಹಾಗೆಯೇ ಅನ್ನುತ್ತಿದ್ದುದನ್ನು ಹೇಳಿ, ನಾಲಿಗೆಯನ್ನು ಎಲ್ಲಿ ಇಡಬೇಕೆಂದು ತೋರಿಸಿಕೊಟ್ಟಳು. ಮೂರನೆಯ ಪ್ರಯತ್ನಕ್ಕೆ ಆ ಹುಡುಗಿಯ ಬಾಯಲ್ಲಿ ಪದ ಸರಿಯಾಗಿ ಬಂದಿತು.

ಮೊದಲ ತಿಂಗಳ ಸಂಬಳ ಬಂದ ದಿನ ಆಕೆ 9,000 ರೂಪಾಯಿಯ ಕಂತನ್ನು ತಾನೇ ಕಟ್ಟಿದಳು. ಉಳಿದ ಹಣದಲ್ಲಿ ಅಜ್ಜಿಗೆ ಒಂದು ಉಣ್ಣೆಯ ಶಾಲು ಕೊಂಡು, ತನಗಾಗಿ ಚೀನೀ ಭಾಷೆಯ ಒಂದು ಬಾಲಬೋಧೆಯನ್ನು ತರಿಸಿಕೊಂಡಳು. ಆ ಭಾಷೆಯಲ್ಲಿ “ಮಾ” ಎಂಬ ಒಂದೇ ಅಕ್ಷರವನ್ನು ಎಳೆದರೆ ತಾಯಿ, ಇಳಿಸಿ ಏರಿಸಿದರೆ ಕುದುರೆ, ಒತ್ತಿ ಹೇಳಿದರೆ ಬೈಗುಳ. ರಾತ್ರಿ ಊಟವಾದ ಮೇಲೆ ಆಕೆ ಗಟ್ಟಿಯಾಗಿ ಅಭ್ಯಾಸ ಮಾಡುವಾಗ ಒಳಮನೆಯಿಂದ ಅಜ್ಜಿ, “ಯಾರನ್ನ ಬೈತಿಯವಾ?” ಎಂದು ಕೇಳುತ್ತಾರೆ. ಕಿಟಕಿಯಾಚೆ, ಎತ್ತರದ ಕಂಬಗಳ ಮೇಲೆ, ದೀಪ ಹಚ್ಚಿಕೊಂಡ ರೈಲು ಕೆಂಗೇರಿಯ ಕಡೆಗೆ ಹೋಗುತ್ತಿರುತ್ತದೆ.